ಲಾಠಿ ಸಿಕ್ಕರೆ ಸಾಲದು, ಬರೆಯುವ ಕೈ ಬೇಕು



ಭಾಲ್ಕಿಯ ಮೈದಾನದಲ್ಲಿ ಬೆಳಕು ಹರಿಯುವ ಮುಂಚೆಯೇ ನಮ್ಮ ಕೇರಿಗಳ ಹುಡುಗರು ಓಡುತ್ತಿರುತ್ತಾರೆ. ಒಬ್ಬನ ಕಾಲಿಗೆ ಬೂಟು, ಇನ್ನೊಬ್ಬನ ಕಾಲಿಗೆ ಹರಿದ ಕ್ಯಾನ್ವಾಸು, ಮತ್ತೊಬ್ಬನದು ಬರಿಗಾಲು. ಬದಿಯಲ್ಲಿ ಒಬ್ಬ ಮೊಬೈಲು ಹಿಡಿದು ಸೆಕೆಂಡು ಎಣಿಸುತ್ತಿರುತ್ತಾನೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಉದ್ದ ಜಿಗಿತ 3.80 ಮೀಟರ್ ದಾಟಬೇಕು, ಇಲ್ಲವೇ ಎತ್ತರ ಜಿಗಿತ 1.20 ಮೀಟರ್. ಗುಂಡು 5.60 ಮೀಟರ್ ಆಚೆ ಬೀಳಬೇಕು. ಎತ್ತರ 168 ಸೆಂಟಿಮೀಟರ್ ಇರಬೇಕು. ಈ ಲೆಕ್ಕಗಳೆಲ್ಲ ನಮ್ಮ ಹುಡುಗರಿಗೆ ಬಾಯಿಪಾಠ. ಪೊಲೀಸ್ ಭರ್ತಿಯ ಕನಸು ಕಾಣದ ಮನೆ ನಮ್ಮ ಕೇರಿಗಳಲ್ಲಿ ಕಡಿಮೆ.

ಆ ಹುಡುಗರಲ್ಲಿ ಒಬ್ಬನನ್ನು ನಾವು ಕೇಳಿದೆವು.

“ಏನ್ ಓದಕತ್ತೀಪಾ?”

“ಬಿ.ಎ. ಫೈನಲ್ ಇದ್ದೀನ್ರಿ ಅಣ್ಣಾ.”

“ಕಾಲೇಜಿನಾಗ ಭರ್ತಿ ಬಗ್ಗೆ ಏನರ ಹೇಳ್ತಾರೇನು?”

“ಏನೂ ಇಲ್ರಿ. ಕಾಲೇಜ್ ಬ್ಯಾರೆ, ಭರ್ತಿ ಬ್ಯಾರೆ.”

ಆ ಮಾತು ನಮ್ಮನ್ನು ಬಿಡಲಿಲ್ಲ. ಮೂರು ವರ್ಷ ಒಬ್ಬ ಕೂಲಿಕಾರಳ ಮಗ ಕಾಲೇಜಿಗೆ ಹೋಗುತ್ತಾನೆ. ತಾಯಿ ಮಂದಿಯ ಹೊಲದಲ್ಲಿ ಸೋಯಾ ಕೊಯ್ದು, ತೊಗರಿ ಬಡಿದು ಅವನ ಬಸ್ ಪಾಸಿಗೆ, ಫೀಸಿಗೆ ದುಡ್ಡು ಹೊಂದಿಸುತ್ತಾಳೆ. ಆ ಮಗ ಹೋಗಬೇಕೆಂದಿರುವ ನೌಕರಿಗೂ ಅವನು ಓದುವ ಓದಿಗೂ ಸಂಬಂಧವೇ ಇಲ್ಲ ಎಂದರೆ ಮೋಸ ಹೋದವರು ಯಾರು? ಈ ಸಂಚಿಕೆಯಲ್ಲಿ ನಾವು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ.

ಸಂಘಟನೆಯೊಳಗೇ ಕೆಲವು ಗೆಳೆಯರು ಕೇಳುತ್ತಾರೆ: “ನಮ್ಮನ್ನ ಹೊಡಿಯೋ ಮಂದಿ ಪೊಲೀಸರು. ಅದೇ ಪೊಲೀಸರಾಗಾಕ ನಮ್ಮ ಪೋರಗಳಿಗೆ ನಾವೇ ದಾರಿ ತೋರಸಬೇಕೇನು?” ಪ್ರಶ್ನೆ ಸಣ್ಣದಲ್ಲ. ಬೈದು ಸುಮ್ಮನಾಗಿಸುವಂಥದ್ದೂ ಅಲ್ಲ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಸೀಮೆಯಲ್ಲಿ ಕಾವಲು ಕೆಲಸ ನಮಗೆ ಹೊಸದಲ್ಲ. ನಿಜಾಮನ ಕಾಲದಲ್ಲಿ ಊರಿಗೆ ಇಬ್ಬರು ಪಾಟೀಲರು. ಕಂದಾಯಕ್ಕೆ ಮಾಲಿ ಪಾಟೀಲ, ಕಾನೂನು ಕಟ್ಟಳೆಗೆ ಪೊಲೀಸ್ ಪಾಟೀಲ. ಇವತ್ತಿಗೂ ಆ ಅಡ್ಡಹೆಸರುಗಳು ನಮ್ಮ ಜಿಲ್ಲೆಗಳಲ್ಲಿ ಇವೆ. ಅವರ ಕೈಕೆಳಗೆ ರಾತ್ರಿ ಗಸ್ತು ತಿರುಗಿದವರು, ಕಳ್ಳನ ಹೆಜ್ಜೆ ಹಿಡಿದು ಹೋದವರು, ಊರೂರಿಗೆ ಓಲೆ ಹೊತ್ತವರು, ಅನಾಥ ಹೆಣ ಕಾದವರು ನಮ್ಮ ಮುತ್ಯಾಗಳು. ಎಷ್ಟೋ ಊರಲ್ಲಿ ಹೊಲೆಯರು, ಮಹಾರರು, ಮಾದಿಗರು ಈ ಬಿಟ್ಟಿ ಚಾಕರಿ ಮಾಡಿದರು. ಕೈಯಲ್ಲಿ ಕೋಲು ಕೊಟ್ಟಿದ್ದರು, ಹೆಗಲಿಗೆ ಕಂಬಳಿ ಕೊಟ್ಟಿದ್ದರು. ಆದರೆ ಏನು ನಡೆಯಿತು ಎಂದು ಬರೆಯುವ ಹಕ್ಕು ಪಾಟೀಲನದು, ಕುಲಕರ್ಣಿಯದು. ಕಣ್ಣಾರೆ ಕಂಡವನು ನಮ್ಮವನು, ಕಂಡದ್ದನ್ನು ಬರೆದವನು ಬೇರೆಯವನು. ಈ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆಯುವ ಕಾಯಿದೆ ಕರ್ನಾಟಕದಲ್ಲಿ 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಕಾಯಿದೆ ಹೋಯಿತು. ರೂಢಿ ಅಷ್ಟು ಬೇಗ ಹೋಗಲಿಲ್ಲ.

ಬೀದರ ಸೀಮೆಯ ಹಳಬರು ಕಾಲ ಎಣಿಸುತ್ತಿದ್ದುದು “ಪೊಲೀಸ್ ಆಕ್ಷನ್ ಆದ ಮ್ಯಾಲ, ಪೊಲೀಸ್ ಆಕ್ಷನ್ ಆಗೂಕಿಂತ ಮೊದಲ” ಎಂದು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಅದಕ್ಕೂ ಮೊದಲು ರಜಾಕಾರರ ಹಾವಳಿ, ಆಮೇಲೆ ಸೇಡಿನ ಹೆಸರಲ್ಲಿ ಮುಸಲ್ಮಾನ ನೆರೆಹೊರೆಯವರ ಮೇಲೆ ಹಾವಳಿ. ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಆ ವರದಿಯನ್ನು ಸರ್ಕಾರ ದಶಕಗಟ್ಟಲೆ ಹೊರಗೆ ಬಿಡಲಿಲ್ಲ. ಬಂದೂಕು ಯಾರ ಕೈಯಲ್ಲಿದೆ ಎಂಬುದು ಮುಖ್ಯ. ಸತ್ತವರ ಲೆಕ್ಕ ಬರೆಯುವವರು ಯಾರು, ಬರೆದದ್ದನ್ನು ಮುಚ್ಚಿಡುವವರು ಯಾರು ಎಂಬುದೂ ಅಷ್ಟೇ ಮುಖ್ಯ ಎಂದು ನಮ್ಮ ಜಿಲ್ಲೆ ಬಲ್ಲದು.

ಬಾಬಾಸಾಹೇಬರು ಇದನ್ನು ಚೆನ್ನಾಗಿ ಅರಿತಿದ್ದರು. ಬ್ರಿಟಿಷರು 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಬೇಕಾದಾಗ ಕರೆದರು, ಮುಗಿದ ಮೇಲೆ ಮನೆಗೆ ಕಳಿಸಿದರು. ಬಾಬಾಸಾಹೇಬರು ಪಟ್ಟು ಹಿಡಿದರು. ಕೊನೆಗೆ 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಡೆ ನಮ್ಮ ಬೆಳಗಾವಿಯಲ್ಲೇ ಕಟ್ಟಲ್ಪಟ್ಟಿತು. ಅವರಿಗೆ ಬೇಕಾಗಿದ್ದುದು ಬರೀ ಸಂಬಳವಲ್ಲ. ರಾಜ್ಯದ ಬಲ ಎಲ್ಲಿರುತ್ತದೋ ಅಲ್ಲಿಂದ ನಮ್ಮನ್ನು ಹೊರಗಿಟ್ಟರೆ ನಾವು ಎಂದೆಂದಿಗೂ ಬೇಡುವ ಜನವಾಗಿಯೇ ಉಳಿಯುತ್ತೇವೆ ಎಂಬ ತಿಳಿವಳಿಕೆ ಅದು. ನಮ್ಮ ಹೈದರಾಬಾದ್ ಸೀಮೆಯ ಬಿ. ಶ್ಯಾಮಸುಂದರ್ 1968ರಲ್ಲಿ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದ್ದೂ ನಮ್ಮ ಕೇರಿಗಳ ರಕ್ಷಣೆ ಇನ್ನೊಬ್ಬರ ದಯೆಗೆ ಬಿದ್ದಿರಬಾರದು ಎಂದೇ.

ಆದ್ದರಿಂದ ನಮ್ಮ ಉತ್ತರ ಇಷ್ಟು. ನಮ್ಮ ಮಕ್ಕಳು ಪೊಲೀಸರಾಗಲಿ, ಖಂಡಿತ ಆಗಲಿ. ಆದರೆ ಪಾಟೀಲನ ಹಿಂದೆ ಕೋಲು ಹಿಡಿದು ನಿಂತ ಮುತ್ಯಾನ ಹಾಗೆ ಅಲ್ಲ. ಬರೆಯುವವರಾಗಿ, ಕಾನೂನು ಬಲ್ಲವರಾಗಿ ಆಗಲಿ.

ಠಾಣೆಯಲ್ಲಿ ಏನು ನಡೆಯುತ್ತದೆ ನೋಡಿ. ನಾವೇ ಒಬ್ಬ ತಾಯಿಯ ಜೊತೆ ಒಂದು ಠಾಣೆಗೆ ಹೋಗಿದ್ದೆವು. ಜಾತಿ ಹಿಡಿದು ಬೈದು, ಬಾವಿಯ ಕಟ್ಟೆಯಿಂದ ನೂಕಿದ್ದರು. ಆ ತಾಯಿ ಹೇಳಿದ್ದು ಅರ್ಧ ತಾಸು. ಹಾಳೆಯ ಮೇಲೆ ಬಂದದ್ದು ಆರು ಸಾಲು. “ನೀರಿನ ವಿಷಯಕ್ಕೆ ಬಾಯಿ ಮಾತಿನ ಜಗಳ” ಎಂದು ಇತ್ತು. ಜಾತಿಯ ಹೆಸರಿಲ್ಲ, ನೂಕಿದ್ದಿಲ್ಲ. ಓದಿ ಹೇಳ್ರಿ ಎಂದರೆ, “ಹೆಬ್ಬೆಟ್ಟು ಒತ್ತವ್ವಾ, ಎಲ್ಲಾ ಬರದೀನಿ” ಎಂಬ ಉತ್ತರ. ಯಾರೂ ಆಕೆಯ ಮೇಲೆ ಕೈ ಮಾಡಲಿಲ್ಲ, ಲಾಠಿ ಎತ್ತಲಿಲ್ಲ. ಆ ಆರು ಸಾಲಿನಲ್ಲೇ ಆಕೆಯ ಕೇಸು ಸತ್ತುಹೋಯಿತು.

ಕಾನೂನು ಏನು ಹೇಳುತ್ತದೆ? ದೌರ್ಜನ್ಯ ತಡೆ ಕಾಯಿದೆ 1989ರದು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಬಾಯಿಮಾತಿನ ದೂರನ್ನು ಬರೆದುಕೊಂಡ ಅಧಿಕಾರಿ ಅದನ್ನು ದೂರು ಕೊಟ್ಟವರಿಗೆ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿಕೊಳ್ಳಬೇಕು. ಪ್ರತಿಯನ್ನು ಕೂಡಲೇ ಕೊಡಬೇಕು. ಬೇಕಂತಲೇ ಕರ್ತವ್ಯ ಬಿಟ್ಟ, ಪರಿಶಿಷ್ಟರಲ್ಲದ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು. ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದವರು ಮಾಡಬೇಕು. 2018ರ ತಿದ್ದುಪಡಿಯ ನಂತರ ಎಫ್.ಐ.ಆರ್. ಹಾಕಲು ಮೊದಲು ವಿಚಾರಣೆ ಮಾಡುತ್ತೇವೆ ಎಂದು ಸಬೂಬು ಹೇಳುವ ಹಾಗಿಲ್ಲ. ಈ ಮಾತುಗಳು ಆ ಠಾಣೆಯಲ್ಲಿ ಕೂತ ಒಬ್ಬನಿಗಾದರೂ ಸರಿಯಾಗಿ ಗೊತ್ತಿದ್ದರೆ, ಗೊತ್ತಿದ್ದು ಹೇಳುವ ಧೈರ್ಯ ಇದ್ದರೆ, ಆ ತಾಯಿಯ ಕೇಸು ಉಳಿಯುತ್ತಿತ್ತು.

ಕಂಬಾಲಪಲ್ಲಿಯನ್ನು ನಾವು ಮರೆತಿಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದವು, ಕೊಂದವರು ಯಾರೂ ಇಲ್ಲ! ಇನ್ನೊಂದು ಕಡೆ ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಮರಕುಂಬಿ. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಜನಕ್ಕೆ ಶಿಕ್ಷೆ ಕೊಟ್ಟಿತು, ಅದರಲ್ಲಿ 98 ಜನಕ್ಕೆ ಜೀವಾವಧಿ. ಶಿಕ್ಷೆಯಾದವರು ಹೈಕೋರ್ಟಿಗೆ ಮೇಲ್ಮನವಿ ಹೋದರು, ಅದು ಅವರ ಹಕ್ಕು. ಆದರೆ ಒಂದು ಕಡೆ ಸಾಕ್ಷ್ಯ ಬಿತ್ತು, ಇನ್ನೊಂದು ಕಡೆ ಹತ್ತು ವರ್ಷ ನಿಂತಿತು. ಈ ಎರಡರ ನಡುವೆ ಸಾಕ್ಷಿಗಳ ಧೈರ್ಯ ಇದೆ, ಸಂಘಟನೆಗಳ ಬೆಂಬಲ ಇದೆ, ಜೊತೆಗೆ ಮೊದಲ ದಿನದ ಬರಹ, ಪಂಚನಾಮೆ, ಹೇಳಿಕೆ, ಚಾರ್ಜ್‌ಶೀಟೂ ಇವೆ. ಇವನ್ನೆಲ್ಲ ಬರೆಯುವವರು ಪೊಲೀಸರೇ.

ಈಗ ಕಾಲೇಜಿಗೆ ಬರೋಣ.

ಸಿವಿಲ್ ಕಾನ್‌ಸ್ಟೇಬಲ್ ಆಗಲು ಪಿಯುಸಿ ಬೇಕು, ಪಿ.ಎಸ್.ಐ. ಆಗಲು ಪದವಿ ಬೇಕು. ಅಂದರೆ ಕಾಲೇಜಿನ ಬಾಗಿಲು ದಾಟದೆ ಠಾಣೆಯ ಕುರ್ಚಿ ಸಿಗುವುದಿಲ್ಲ. ಆದರೆ ಆ ಕಾಲೇಜಿನೊಳಗೆ ಆ ಕುರ್ಚಿಗೆ ಬೇಕಾದ ತಯಾರಿ ಏನಿದೆ? ಪದವಿ ತರಗತಿಗೆ ಸಂವಿಧಾನದ ಪತ್ರಿಕೆ ಇದೆ. ನಮ್ಮ ಹುಡುಗರು ಅದನ್ನು ಗೈಡಿನಲ್ಲಿ ಓದಿ ಪಾಸಾಗುತ್ತಾರೆ. 22ನೇ ವಿಧಿ ಏನು ಎಂದರೆ ಬಾಯಿಪಾಠ ಒಪ್ಪಿಸುತ್ತಾರೆ. ಹಿಡಿದವನನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸದಿದ್ದರೆ ಏನು ಮಾಡಬೇಕು ಎಂದರೆ ಮುಖ ನೋಡುತ್ತಾರೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯಿದೆ ಮೂರೂ ಹೋಗಿ ಹೊಸವು ಬಂದಿವೆ. ಎಫ್.ಐ.ಆರ್. ಮೊದಲು 154ನೇ ಕಲಮು, ಈಗ 173. ಘಟನೆ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ದೂರು ತಗೋಬೇಕು ಎಂದು ಅದರಲ್ಲೇ ಇದೆ. ಇದನ್ನು ನಮ್ಮ ಹುಡುಗರಿಗೆ ಯಾವ ತರಗತಿಯಲ್ಲಿ ಯಾರು ಹೇಳಿಕೊಟ್ಟಿದ್ದಾರೆ?

ಪರೀಕ್ಷೆಯಾದರೂ ಹೇಗಿದೆ? ಪಿ.ಎಸ್.ಐ. ಪರೀಕ್ಷೆಯ ಮೊದಲ ಪತ್ರಿಕೆ 50 ಅಂಕದ್ದು. ಪ್ರಬಂಧ, ಸಾರಾಂಶ, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ. ಎರಡನೆಯದು 150 ಅಂಕದ ಸಾಮಾನ್ಯ ಜ್ಞಾನ. ಓಟದಲ್ಲಿ ಗೆದ್ದ ನಮ್ಮ ಹುಡುಗ ಭಾಷಾಂತರದಲ್ಲಿ ಬೀಳುತ್ತಾನೆ. ಮನೆಯಲ್ಲಿ ಒಂದು ಮಾತು, ಬಜಾರಿನಲ್ಲಿ ಮರಾಠಿ, ಉರ್ದು, ಹಾಳೆಯ ಮೇಲೆ ಗ್ರಂಥದ ಕನ್ನಡ, ಅದರ ಮೇಲೆ ಇಂಗ್ಲಿಷು. ಮೂರು ವರ್ಷ ಕಾಲೇಜಿನಲ್ಲಿ ವಾರಕ್ಕೊಂದು ಪುಟ ಬರೆಸಿ ತಿದ್ದಿದ್ದರೆ ಇದು ದೊಡ್ಡ ಬೆಟ್ಟವಲ್ಲ. ತಿದ್ದುವವರು ಇಲ್ಲದ್ದರಿಂದ ಆತ ಧಾರವಾಡಕ್ಕೋ ವಿಜಯಪುರಕ್ಕೋ ಕೋಚಿಂಗಿಗೆ ಹೋಗಬೇಕು. ರೂಮಿನ ಬಾಡಿಗೆ, ಮೆಸ್ಸು, ಕೋಚಿಂಗ್ ಫೀಸು. ಇದ್ದ ಅರ್ಧ ಎಕರೆ ಒತ್ತಿ ಬೀಳುತ್ತದೆ. ಅರ್ಧ ಎಕರೆಯೂ ಇಲ್ಲದವನು ಮೈದಾನದಲ್ಲಿ ಓಡುತ್ತಲೇ ಇರುತ್ತಾನೆ.

ಇಷ್ಟು ಮಾಡಿ ಬರೆದ ಪರೀಕ್ಷೆಯಾದರೂ ನೆಟ್ಟಗಿತ್ತೇ? 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದಲೇ ಅಕ್ರಮದ ಎಳೆ ಸಿಕ್ಕಿತು. 2022ರ ಏಪ್ರಿಲಿನಲ್ಲಿ ಸರ್ಕಾರ ಪರೀಕ್ಷೆ ರದ್ದು ಮಾಡಿತು. ಜುಲೈಯಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎ.ಡಿ.ಜಿ.ಪಿ. ದರ್ಜೆಯ ಅಧಿಕಾರಿಯನ್ನೇ ಸಿ.ಐ.ಡಿ. ಬಂಧಿಸಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವೆ ಎರಡು ವರ್ಷ ಮೂರು ತಿಂಗಳು. ದುಡ್ಡಿದ್ದವನಿಗೆ ಅದು ಕಾಯುವ ಕಾಲ, ನಮ್ಮ ಹುಡುಗನಿಗೆ ವಯಸ್ಸು ಮೀರುವ ಕಾಲ. ಕಾನೂನು ಕಾಯುವ ಕುರ್ಚಿಗೆ ಕಳ್ಳತನದಿಂದ ಹತ್ತಿ ಕೂರುವವನು ಆ ತಾಯಿಯ ದೂರನ್ನು ಹೇಗೆ ಬರೆದಾನು, ಯೋಚಿಸಿ.

ಅದಾದ ಮೇಲೆ ಒಳಮೀಸಲಾತಿಯ ಮಾತು ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಅದಕ್ಕೆ ದಾರಿ ಮಾಡಿತು. ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಹೊಸ ಭರ್ತಿಯ ಅಧಿಸೂಚನೆಗಳನ್ನು ತಡೆಹಿಡಿಯಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದು, 2025ರ ಆಗಸ್ಟ್ 19ರಂದು ಸಂಪುಟವು ಶೇಕಡಾ 17ನ್ನು 6, 6, 5 ಎಂದು ಹಂಚಿತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಮಾದಿಗ ಬಂಧುಗಳು ಮೂರು ದಶಕ ಅದಕ್ಕಾಗಿ ಬೀದಿಯಲ್ಲಿ ನಿಂತಿದ್ದಾರೆ. ಅದನ್ನು ತೋರಿಸಿ ಭರ್ತಿ ನಿಲ್ಲಿಸಿದ್ದಕ್ಕೆ ಮಾದಿಗ ಹುಡುಗನೂ ವಯಸ್ಸು ಕಳಕೊಂಡ, ಹೊಲೆಯ ಹುಡುಗನೂ ಕಳಕೊಂಡ. “ನಿಮ್ಮಿಂದ ನಮ್ಮ ನೌಕರಿ ಹೋಯ್ತು” ಎಂದು ಮೈದಾನದಲ್ಲಿ ಇಬ್ಬರೂ ಮುಖ ತಿರುವಿದರೆ ನಗುವವರು ಬೇರೆ. ಇದನ್ನು ನಮ್ಮ ಹುಡುಗರಿಗೆ ಕೈಮುಗಿದು ಹೇಳುತ್ತೇವೆ.

371ಜೆ ವಿಧಿ ನಮ್ಮ ಸೀಮೆಗೆ ಬಂದು ಹತ್ತು ವರ್ಷದ ಮೇಲಾಯಿತು. ಕಲ್ಯಾಣ ಕರ್ನಾಟಕದ ಸಿ ದರ್ಜೆ ಹುದ್ದೆಗಳಲ್ಲಿ ಶೇಕಡಾ 80 ಸ್ಥಳೀಯರಿಗೆ. ಕಾಗದದ ಮೇಲೆ ಬಾಗಿಲು ತೆರೆದಿದೆ. ಆದರೆ ಮೀಸಲಾತಿ ಬಾಗಿಲನ್ನಷ್ಟೇ ತೆರೆಯುತ್ತದೆ, ಒಳಗೆ ನಡೆಯುವ ಕಾಲನ್ನು ಓದು ಕೊಡಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ವಿಭಾಗ ಇದೆ. ಶಿವಮೊಗ್ಗಕ್ಕೆ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕೇಂದ್ರ ಬಂದಿದೆ. ನಮ್ಮ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲೇ 2023ರಿಂದ ಬೀದರ ವಿಶ್ವವಿದ್ಯಾಲಯ ಇದೆ. ಮೈದಾನದಲ್ಲಿ ಓಡುವ ಹುಡುಗರಿಗೆ ಹತ್ತಿರ ಇರುವುದು ಇದೇ. ಅದು ಈ ಓದಿಗೆ ಮುಂದಾಗಬೇಕು.

ನಮ್ಮ ಬೇಡಿಕೆಗಳು ಇವು.

ಒಂದು: ಜಿಲ್ಲೆಯ ಪ್ರತಿ ಸರ್ಕಾರಿ ಪದವಿ ಕಾಲೇಜಿನಲ್ಲಿ ಸಂಜೆ ಹೊತ್ತು ಪೊಲೀಸ್ ಭರ್ತಿಯ ತರಗತಿ ಉಚಿತವಾಗಿ ನಡೆಯಬೇಕು. ಪ್ರಬಂಧ, ಭಾಷಾಂತರ ಬರೆಸಿ ತಿದ್ದಬೇಕು. ಸಮಾಜ ಕಲ್ಯಾಣ ಇಲಾಖೆ ಪರೀಕ್ಷಾ ಪೂರ್ವ ತರಬೇತಿಗೆ ಇಡುವ ಹಣ ದೊಡ್ಡ ಊರುಗಳ ಖಾಸಗಿ ಸಂಸ್ಥೆಗಳಿಗಷ್ಟೇ ಹೋಗದೆ ಭಾಲ್ಕಿ, ಔರಾದಕ್ಕೂ ಬರಬೇಕು.

ಎರಡು: ಸಂವಿಧಾನದ ಪತ್ರಿಕೆಯ ಜೊತೆ ಹೊಸ ಮೂರು ಅಪರಾಧ ಕಾನೂನು, ದೌರ್ಜನ್ಯ ತಡೆ ಕಾಯಿದೆ, ಬಂಧನದ ಬಗ್ಗೆ ಡಿ.ಕೆ. ಬಸು ತೀರ್ಪು, ಎಫ್.ಐ.ಆರ್. ಕಡ್ಡಾಯ ಮಾಡಿದ 2013ರ ಲಲಿತಾ ಕುಮಾರಿ ತೀರ್ಪು ಇವನ್ನು ಕನ್ನಡದಲ್ಲಿ ಕಲಿಸಬೇಕು. ದೂರು ಬರೆಯುವುದನ್ನು, ಪಂಚನಾಮೆ ಓದುವುದನ್ನು ಕೈಯಾರೆ ಮಾಡಿಸಬೇಕು. ಪೊಲೀಸ್ ಆಗದವನಿಗೂ ಇದು ಬದುಕಿಗೆ ಬೇಕು.

ಮೂರು: ಹೆಣ್ಣುಮಕ್ಕಳಿಗೆ ಮೈದಾನದಲ್ಲಿ ಪ್ರತ್ಯೇಕ ವೇಳೆ, ದೀಪ, ಬಟ್ಟೆ ಬದಲಿಸುವ ಕೋಣೆ ಬೇಕು. ಅವರ ಓಟ 400 ಮೀಟರ್, 2 ನಿಮಿಷ. ನಮ್ಮ ಹುಡುಗಿಯರಿಗೆ ಆ ಎರಡು ನಿಮಿಷ ಓಡುವುದು ಕಷ್ಟವಲ್ಲ. ಮಂದಿ ಕಣ್ಣು ದಾಟಿ ಮೈದಾನಕ್ಕೆ ಬರುವುದು ಕಷ್ಟ. ಮಾನಭಂಗದ ದೂರು ಹೇಳಲು ಬಂದ ನಮ್ಮ ತಂಗಿಗೆ ಎದುರಿಗೆ ನಮ್ಮದೇ ಒಬ್ಬ ಅಕ್ಕ ಕೂತಿದ್ದರೆ ಎಷ್ಟು ವ್ಯತ್ಯಾಸ!

ನಾಲ್ಕು: ಭರ್ತಿಗೆ ಪ್ರತಿ ವರ್ಷ ನಿಗದಿಯಾದ ದಿನ ಇರಬೇಕು. ಸರ್ಕಾರದ ತಪ್ಪಿಗೆ ತಡವಾದರೆ ಆ ಕಾಲವನ್ನು ವಯಸ್ಸಿನ ಮಿತಿಗೆ ಸೇರಿಸಿ ಕೊಡಬೇಕು.

ಈ ಬೇಡಿಕೆ ಸರ್ಕಾರಕ್ಕೆ. ಅದು ಕೇಳುವವರೆಗೆ ನಾವು ಕೈಕಟ್ಟಿ ಕೂರುವುದಿಲ್ಲ. ಭಾಲ್ಕಿಗೆ ಒಂದು ಚರಿತ್ರೆ ಇದೆ. ನಿಜಾಮನ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಸರ್ಕಾರ ಕೊಡದ ಓದನ್ನು ಈ ಊರು ಆಗಲೇ ಹುಟ್ಟಿಸಿಕೊಂಡಿತ್ತು. ನಮ್ಮ ಕೇರಿಗಳ ಅಂಬೇಡ್ಕರ್ ಭವನಗಳು ಜಯಂತಿಗೆ ಒಂದು ದಿನ ತೆರೆದು ಉಳಿದ ದಿನ ಬೀಗ ಹಾಕಿರುವುದೇಕೆ? ವಾರಕ್ಕೆ ಎರಡು ಸಂಜೆ ಬೀಗ ತೆಗೆಯಿರಿ. ನಮ್ಮ ವಕೀಲರು, ಮಾಸ್ತರರು, ನಿವೃತ್ತ ಪೊಲೀಸರು ಬಂದು ಕೂರಲಿ. ಒಂದು ದೂರು ಬರೆಸಲಿ, ತಿದ್ದಲಿ, ಮತ್ತೆ ಬರೆಸಲಿ.

ಈಗಾಗಲೇ ಖಾಕಿ ತೊಟ್ಟ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ ಒಂದು ಮಾತು. ನಿಮ್ಮ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ರಜೆ ಇಲ್ಲ, ನಿದ್ದೆ ಇಲ್ಲ, ಮೇಲಿನವರ ಬೈಗುಳ. 2016ರ ಜೂನಿನಲ್ಲಿ ರಾಜ್ಯದ ಪೊಲೀಸರೇ ಸಾಮೂಹಿಕ ರಜೆಗೆ ಮುಂದಾಗುವ ಹಂತ ಬಂದಿತ್ತು. ಒಳಗೆ ಜಾತಿಯ ಚುಚ್ಚುಮಾತೂ ಉಂಟು. ನಮ್ಮ ಮೆರವಣಿಗೆಯ ಮುಂದೆ ನಿಮ್ಮನ್ನೇ ಲಾಠಿ ಕೊಟ್ಟು ನಿಲ್ಲಿಸುವುದೂ ಉಂಟು. ನೀವು ನಮ್ಮ ಕಡೆ ಸುಳ್ಳು ಬರೆಯಿರಿ ಎಂದು ನಾವು ಕೇಳುವುದಿಲ್ಲ. ನಮ್ಮವನೇ ತಪ್ಪು ಮಾಡಿದ್ದರೆ ಅವನನ್ನೂ ಹಿಡಿಯಿರಿ. ನಮ್ಮ ಕೋರಿಕೆ ಒಂದೇ. ಎದುರಿಗೆ ನಿಂತವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ, ಓದಿ ಹೇಳಿ, ಪ್ರತಿ ಕೊಡಿ. ಆಕೆ ಯಾವ ಜಾತಿಯವಳೇ ಇರಲಿ.

ಮೈದಾನದ ಆ ಹುಡುಗನಿಗೂ ಇದೇ ಹೇಳುತ್ತೇವೆ. ಓಡು ತಮ್ಮಾ, ಚೆನ್ನಾಗಿ ಓಡು. ಓಡಿ ಬಂದ ಮೇಲೆ ಅರ್ಧ ತಾಸು ಕೂತು ಒಂದು ಪುಟ ಬರೆ. ನಿನ್ನ ಮುತ್ಯಾನ ಕೈಯಲ್ಲೂ ಕೋಲಿತ್ತು, ಆದರೆ ಅವನು ಕಂಡದ್ದನ್ನು ಬರೆದವರು ಬೇರೆಯವರು. ನಾಳೆ ಯಾವುದೋ ಠಾಣೆಯಲ್ಲಿ ಒಬ್ಬ ತಾಯಿ ನಿನ್ನ ಎದುರಿಗೆ ಬಂದು ನಿಂತಾಗ ಆಕೆಯ ಅರ್ಧ ತಾಸಿನ ಮಾತು ಆರು ಸಾಲಿನಲ್ಲಿ ಸಾಯಬಾರದು.

ಕಾಲೇಜು ಬ್ಯಾರೆ, ಭರ್ತಿ ಬ್ಯಾರೆ ಎಂಬ ಮಾತು ನಮ್ಮ ಕಾಲಕ್ಕೇ ಮುಗಿಯಲಿ. ಬರುವ ಸಭೆಗೆ ಕಾಲೇಜು ಓದುವ ಪ್ರತಿಯೊಬ್ಬರೂ ಒಂದು ನೋಟುಬುಕ್ಕು, ಒಂದು ಪೆನ್ನು ತನ್ನಿ. ಅಲ್ಲಿಂದಲೇ ಶುರು ಮಾಡೋಣ.

ಜೈಭೀಮ್.